ಮಾಮೆ ಅಜ್ಜಿಯ ಸಾವು

ತೊಷಿನೊ ಜಗಲಿಯ ಅಂಚಿನಲ್ಲಿ ಕೂತು, ನೇತುಹಾಕಿ ಒಣಗಿಸಲು ಒಗರು ಕಾಕಿ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದರು. ಎದುರಿಗೆ ಕೂತು, ಸುಲಿದ ಹಣ್ಣಿನ ತೊಟ್ಟಿಗೆ ದಾರ ಬಿಗಿಯುತ್ತಿದ್ದ ಚಿಗುಸಾಳಿಗೆ, ಅತ್ತೆಯ ಈ ಕೈಗಳನ್ನು ಎದೆಯ ಮೇಲೆ ಒಂದರ ಮೇಲೊಂದು ಇಟ್ಟರೆ ಯಾವುದು ಮೇಲೆ ಬರುತ್ತದೆ ಎಂಬ ಯೋಚನೆ ಬಂತು. ಬಲಗೈ ಮೇಲೆ ಬಂದರೆ ಹೆಬ್ಬೆರಳಿನ ಗಂಟು ಎದ್ದು ಕಾಣುತ್ತದೆ, ಒಳ್ಳೆಯ ಗೆರೆ ಸಿಗುತ್ತದೆ, ಎಡಗೈಯಾದರೆ ಸಪ್ಪೆ. ಹೊದಿಕೆ ಬಿಳಿಯದಿರಬೇಕು. ಕಿಟಕಿಯ ಬೆಳಕು ಓರೆಯಾಗಿ ಬಿದ್ದರೆ ಮುಖಕ್ಕೆ ನೆರಳು ತುಂಬುವ ಕೆಲಸ ಉಳಿಯುತ್ತದೆ. ಇಷ್ಟೆಲ್ಲ ಯೋಚಿಸಿ ಮುಗಿದ ಮೇಲೆ ತಾನು ಏನನ್ನು ಯೋಚಿಸುತ್ತಿದ್ದೇನೆ ಎಂಬುದು ಅರಿವಾಗಿ, ದಾರ ಕೈಯಿಂದ ಜಾರಿ, ಹಣ್ಣೊಂದು ಮೆಟ್ಟಿಲ ಮೇಲೆ ಬಿದ್ದು ಅಂಗಳಕ್ಕೆ ಉರುಳಿತು.

"ಮಣ್ಣಾಯ್ತಾ?" ಎಂದರು ತೊಷಿನೊ, ತಲೆಯೆತ್ತದೆ.

"ತೊಳೆದ್ರೆ ಹೋಗತ್ತಮ್ಮ."

"ಸುಲಿದಿದ್ದನ್ನ ತೊಳೆದ್ರೆ ಬೂಷ್ಟು ಹಿಡಿಯತ್ತೆ. ಅಲ್ಲೇ ಬಿಡು, ಕಾಗೆ ತಿನ್ಲಿ. ಅದಕ್ಕೇನು ಒಗರು ಗೊತ್ತಾಗತ್ತೆ?"

ನಿನ್ನೆ ಮಧ್ಯಾಹ್ನ ಟೋಕಿಯೋದಿಂದ ಮಿನೆಗಿಶಿ ಫೋನ್ ಮಾಡಿದ್ದಳು. ಚಿಗುಸಾಳ ಕಾಮಿಕ್ಸು ಬರುವ ಮಾಸಪತ್ರಿಕೆಯ ಸಂಪಾದಕಿ. ಈಗಷ್ಟೇ ಮೂವತ್ತು ದಾಟಿದ ಹುಡುಗಿ, ಮಾತು ಬಲು ಮೆತ್ತಗೆ, ಚಿಗುಸಾಳನ್ನು ಗುರುಗಳೇ ಎನ್ನುವ ಹಾಗೆ ಸೆನ್ಸೇ ಎಂದೇ ಕರೆಯುವವಳು. ಪತ್ರಿಕೆ ವಸಂತಕ್ಕೆ ನಿಲ್ಲುತ್ತದಂತೆ. ಅಷ್ಟರೊಳಗೆ ಕಾಮಿಕ್ಸಿನ ಮಾಮೆ ಅಜ್ಜಿಗೆ ಒಂದು ಮುಕ್ತಾಯ ಬೇಕಂತೆ. "ಸೆನ್ಸೇ, ಓದುಗರೆಲ್ಲ ಒಳಗೊಳಗೇ ಅದಕ್ಕೆ ತಯಾರಾಗಿದಾರೆ ಅನ್ಸತ್ತೆ. ಅಜ್ಜಿ ಚೆರಿ ಹೂ ಬಿಡೋ ಕಾಲದಲ್ಲಿ ನಿದ್ದೇಲೇ ಹೋಗಿಬಿಟ್ರೆ… ನನಗೆ ಈಗ್ಲೇ ಕಣ್ಣಲ್ಲಿ ನೀರು ಬರ್ತಿದೆ" ಎಂದಿದ್ದಳು. ನಿಜವಾಗಿಯೂ ಮೂಗು ಸೊರ್ರೆನ್ನಿಸಿದ್ದಳು. ಚಿಗುಸಾ "ನೋಡೋಣ" ಎಂದು ಫೋನ್ ಇಟ್ಟಿದ್ದಳು. ಆಗ ಅಡುಗೆಮನೆಯಲ್ಲಿ ತೊಷಿನೊ ಅನ್ನದ ಕುಕ್ಕರಿನ ಜೊತೆ ಜಗಳವಾಡುತ್ತಿದ್ದರು. ಅನ್ನವಾದಾಗ ಹೆಣ್ಣುದನಿಯಲ್ಲಿ ಮಾತಾಡುವ ಕುಕ್ಕರು ಅದು. "ಆಯ್ತು ತಾಯಿ, ಗೊತ್ತಾಯ್ತು, ಎಷ್ಟು ಸಲ ಹೇಳ್ತೀಯ" ಎನ್ನುತ್ತಿದ್ದರು. ಇನ್ನಾವ ದಿನವಾದರೂ ಚಿಗುಸಾ ಅದನ್ನು ಆಗಲೇ ಪೆನ್ಸಿಲ್ಲಿನಲ್ಲಿ ಗೀಚಿಟ್ಟುಕೊಳ್ಳುತ್ತಿದ್ದಳು. ನಿನ್ನೆ ಮಾತ್ರ ಬಾಗಿಲಿಗೆ ಒರಗಿ, ಬೆನ್ನು ಬಾಗಿದ ಆ ಸಣ್ಣ ಆಕೃತಿಯನ್ನೇ ನೋಡುತ್ತ, ಇವರನ್ನು ಕೊಲ್ಲುವುದಕ್ಕೆ ಎಷ್ಟು ಪುಟ ಬೇಕಾಗುತ್ತದೆ ಎಂದು ಲೆಕ್ಕ ಹಾಕಿದಳು. ಲೆಕ್ಕ ಹಾಕಿದ್ದು ತನ್ನ ತಲೆಯೋ ತನ್ನ ಕೈಯೋ ಅವಳಿಗೇ ತಿಳಿಯಲಿಲ್ಲ. ಮೂವತ್ತು ವರ್ಷ ಗೆರೆ ಎಳೆದ ಕೈಗೆ ಅದರದೇ ಒಂದು ಬುದ್ಧಿ ಬಂದುಬಿಟ್ಟಿರುತ್ತದೆ.

ಮೊದಲೆಲ್ಲ ಅವಳು ಬರೆಯುತ್ತಿದ್ದದ್ದು ಹುಡುಗಿಯರ ಪ್ರೇಮದ ಕಥೆಗಳು. ಮುಖದ ಅರ್ಧದಷ್ಟು ಕಣ್ಣು, ಕಣ್ಣಿನೊಳಗೆ ನಕ್ಷತ್ರ, ಹಿಂದೆ ಸುಮ್ಮನೆ ತೇಲುವ ಗುಲಾಬಿ. ಮದುವೆಯಾಗಿ ಟೋಕಿಯೋ ಬಿಟ್ಟು ಈ ಸಕಾತದ ಬಂದರಿಗೆ ಬಂದ ಮೇಲೂ ಬರೆದಳು. ಗಂಡ ಮಸಾನೊರಿ ಬಂದರಿನ ಕಚೇರಿಯಿಂದ ಬಂದು, ಒದ್ದೆ ಶಾಯಿಗೆ ತೋಳು ತಾಗದ ಹಾಗೆ ನಿಂತು, ಪುಟ ನೋಡಿ, "ಈ ಹುಡುಗ ಊಟ ಗೀಟ ಮಾಡ್ತಾನೋ ಇಲ್ವೋ?" ಎನ್ನುತ್ತಿದ್ದ. ಆಮೇಲೆ ಹುಡುಗಿಯರು ಬೇರೆ ಕಥೆ ಓದತೊಡಗಿದರು. ಆಮೇಲೆ ಮಸಾನೊರಿ ಒಂದು ಬೆಳಗ್ಗೆ ಕಚೇರಿಯ ಮೆಟ್ಟಿಲಲ್ಲಿ ಕುಸಿದು ಕೂತವನು ಏಳಲಿಲ್ಲ. ಮನೆಯಲ್ಲಿ ಉಳಿದವರು ಇಬ್ಬರು ಹೆಂಗಸರು. ಒಬ್ಬನೇ ಗಂಡಸಿನ ಮೂಲಕ ನೆಂಟರಾದವರು. ಅವನಿಲ್ಲದ ಮೇಲೆ ಒಬ್ಬರನ್ನೊಬ್ಬರು ಏನೆಂದು ಹಿಡಿದುಕೊಳ್ಳಬೇಕೋ ತಿಳಿಯದೆ, ಬಾಡಿಗೆಮನೆಯ ಅಕ್ಕಪಕ್ಕದ ಕೋಣೆಯವರ ಹಾಗೆ ವಿನಯದಿಂದ ಬದುಕುತ್ತಿದ್ದರು. ಸ್ನಾನಕ್ಕೆ ನೀವು ಮೊದಲು, ಇಲ್ಲ ನೀನು ಮೊದಲು. ಸಂಸ್ಕಾರಕ್ಕೆ ಬಂದು ಕಾಣಿಕೆ ಕೊಟ್ಟವರಿಗೆ ಮರುಉಡುಗೊರೆ ಕೊಳ್ಳಲು ಇಬ್ಬರೂ ಯಾಮಾಗಾತಕ್ಕೆ ಹೋಗಿದ್ದ ದಿನ, ದೊಡ್ಡ ಅಂಗಡಿಯ ಕಂಬಕ್ಕೆ ಸುತ್ತ ಹೊದಿಸಿದ್ದ ಕನ್ನಡಿಯಲ್ಲಿ ತೊಷಿನೊಗೆ ಎದುರಿಗೊಬ್ಬ ಕಪ್ಪು ಉಡುಪಿನ ಮುದುಕಿ ಸಿಕ್ಕಳು. ತೊಷಿನೊ ಬಾಗಿ, "ಕ್ಷಮಿಸಿ, ನೀವು ಮೊದಲು ಹೋಗಿ" ಎಂದರು. ಆ ಮುದುಕಿಯೂ ಬಾಗಿದಳು. ತೊಷಿನೊ ಇನ್ನೂ ಕೆಳಗೆ ಬಾಗಿದರು. ಅವಳೂ ಬಾಗಿದಳು. ಬಟ್ಟಲುಗಳ ಸಾಲಿನ ನಡುವೆ ನಿಂತು ಚಿಗುಸಾ ನಕ್ಕಳು. ನಗು ತಡೆಯಲಾಗದೆ ನೆಲದ ಮೇಲೆ ಕುಕ್ಕರಿಸಿ, ಕರವಸ್ತ್ರ ಬಾಯಿಗೆ ತುರುಕಿಕೊಂಡು ನಕ್ಕಳು. ಆವತ್ತು ಮನೆಗೆ ಬಂದವಳೇ ಅದನ್ನು ಬರೆದಳು. ಕಾಳಿನ ಹಾಗೆ ಗುಂಡಗೆ ಮೂಡಿದ್ದ ಆ ಮುದುಕಿಗೆ ಕಾಳು ಎಂದೇ ಹೆಸರಿಟ್ಟಳು. ಮಾಮೆ. ಮಾಮೆ ಅಜ್ಜಿ.

ಅದಾದ ಮೇಲೆ ನಡೆದದ್ದೆಲ್ಲ ಇಳಿಜಾರಿನಲ್ಲಿ ಸೈಕಲ್ಲು ಹೋದ ಹಾಗೆ. ಹಲ್ಲಿನ ಸೆಟ್ಟು ಉಪ್ಪಿನಕಾಯಿಯ ಡಬ್ಬಿಯಲ್ಲಿ ಸಿಕ್ಕಿದ್ದು, ಟಿವಿಯಲ್ಲಿ ವಾರ್ತೆ ಓದುವವನು ತಲೆಬಾಗಿದಾಗ ತಿರುಗಿ ತಲೆಬಾಗಿದ್ದು, ಸತ್ತ ಮಗನ ಸ್ವೆಟರನ್ನು ಒಳಹೊರಗು ಮಾಡಿ ಹಾಕಿಕೊಂಡು ಬೀದಿಯಲ್ಲಿ ತಿರುಗಿದ್ದು. ಎಲ್ಲವೂ ಕಾಮಿಕ್ಸಿನ ಚೌಕದೊಳಗೆ ಬಂತು. ಅವಳು ಯಾವುದನ್ನೂ ಕುಹಕದಿಂದ ಬರೆಯಲಿಲ್ಲ. ಓದುಗರು ಅತ್ತರು, ತಮ್ಮ ತಾಯಿಗೆ ಫೋನ್ ಮಾಡಿದೆವೆಂದು ಬರೆದರು, ಮುಪ್ಪಿನ ಭಯ ಹೋಯಿತೆಂದು ಬರೆದರು. ತೊಷಿನೊ ಮಾತ್ರ, ಮನೆಯಲ್ಲಿದ್ದಾಗಲೂ ಮುದುಕರು ಹಗಲು ಕಳೆಯುವ ಹಗಲುಮನೆಗೆ ಹೋಗಿ ಬಂದಾಗಲೂ, ಒಂದು ದಿನವೂ ಏನೂ ಹೇಳಲಿಲ್ಲ. ಅವರು ಓದಿದ್ದಾರೋ ಇಲ್ಲವೋ ಎಂದು ಚಿಗುಸಾ ಕೇಳಲಿಲ್ಲ. ಕೇಳದೆ ಇರುವುದೂ ಒಂದು ಬಗೆಯ ಕಳ್ಳತನ ಎಂದು ಅವಳಿಗೆ ಒಮ್ಮೊಮ್ಮೆ, ಹಲ್ಲುಜ್ಜುವಾಗಲೋ ಶಾಯಿ ತೊಳೆಯುವಾಗಲೋ ಅನಿಸುತ್ತಿತ್ತು.

"ಏನು ಹಾಗೆ ನೋಡ್ತಿದ್ದೀಯ?" ಎಂದರು ತೊಷಿನೊ.

"ಏನಿಲ್ಲಮ್ಮ. ಕೈ ನೋಯ್ತಿದ್ಯೇನೋ ಅಂತ."

"ಕೈಗೇನಾಗಿದೆ? ನಡಿ, ಮೀನು ತರೋಣ. ಗಾಳಿ ಜೋರಾಗೋಕ್ ಮುಂಚೆ ಹೋಗ್ಬಂದ್ರೆ ಆಯ್ತು."

ತೊಷಿನೊ ಊರಿಕೊಂಡು ತಳ್ಳುವ ತಮ್ಮ ಪುಟ್ಟ ಗಾಡಿ ಹಿಡಿದು ಮುಂದೆ, ಚಿಗುಸಾ ಅರ್ಧ ಹೆಜ್ಜೆ ಹಿಂದೆ. ಹಿಂದೆ ನಡೆಯುವುದು ಬಿದ್ದರೆ ಹಿಡಿಯಲು ಎಂದು ಇಬ್ಬರೂ ಅಂದುಕೊಂಡಿದ್ದರು. ಆದರೆ ಹಿಂದಿನಿಂದ ನೋಡಿದರೆ ಬೆನ್ನಿನ ಬಾಗು, ಸಾಕ್ಸಿನ ಸುಕ್ಕು, ಗಾಳಿಗೆ ಏಳುವ ನಾಲ್ಕು ಬಿಳಿಕೂದಲು ಚೆನ್ನಾಗಿ ಕಾಣುತ್ತದೆ ಎಂಬುದು ಚಿಗುಸಾಳಿಗೆ ಇವತ್ತು ಹೊಳೆಯಿತು. ಎಷ್ಟೋ ಪುಟಗಳಲ್ಲಿ ಮಾಮೆ ಅಜ್ಜಿ ಹೀಗೆ ಬೆನ್ನು ತೋರಿಸಿಕೊಂಡೇ ನಡೆದಿದ್ದಳು. ಸಮುದ್ರದ ಕಡೆಯಿಂದ ತಣ್ಣಗೆ ಗಾಳಿ ಬೀಸುತ್ತಿತ್ತು, ಆಕಾಶ ಹಿಮ ತುಂಬಿಕೊಳ್ಳುವ ಮುಂಚಿನ ಬೂದುಬಣ್ಣಕ್ಕೆ ತಿರುಗಿತ್ತು. ಮೀನಂಗಡಿಯಲ್ಲಿ ಮುದುಕ ಯಜಮಾನ ಹಾಸಿಗೆ ಹಿಡಿದ ಮೇಲೆ ಸೆಂದಾಯ್ ಕಡೆಯಿಂದ ಬಂದ ಅವನ ಸೊಸೆ ವ್ಯಾಪಾರಕ್ಕೆ ನಿಂತಿದ್ದಳು. ರಬ್ಬರ್ ಬೂಟು, ದೊಡ್ಡ ಗಂಟಲು.

"ಓಹೋ, ಮಾಮೆ ಅಜ್ಜಿ ಬಂದ್ರು! ಬನ್ನಿ ಬನ್ನಿ. ನಮ್ಮಂಗ್ಡೀಲಿ ಕನ್ನಡಿ ಇಲ್ಲ, ಧೈರ್ಯವಾಗಿ ಬನ್ನಿ!"

ಸಾಲಿನಲ್ಲಿ ನಿಂತಿದ್ದ ಹೆಂಗಸರು ನಕ್ಕರು. ಒಬ್ಬಳು, "ಪಾಪ, ಮೀನಿಗೂ ನಮಸ್ಕಾರ ಮಾಡ್ತಾರೇನೋ" ಎಂದಳು. ಕೆಟ್ಟ ಮನಸ್ಸಿನಿಂದಲ್ಲ, ಮನೆಯವರನ್ನು ರೇಗಿಸುವ ಹಾಗೆ. ತೊಷಿನೊ ಬಾಯಿಗೆ ಕೈ ಅಡ್ಡ ಹಿಡಿದು ತಾವೂ ನಕ್ಕರು. ಅಷ್ಟೇ ಅಲ್ಲ, ಮಂಜುಗಡ್ಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಕಾಡ್ ಮೀನಿನ ಕಡೆ ತಿರುಗಿ ಮೆಲ್ಲನೆ ತಲೆ ಬಾಗಿಸಿದರು. ಅಂಗಡಿಯೆಲ್ಲ ಹೋ ಎಂದಿತು. ಮೀನಿನವಳು ಸಂತೋಷಕ್ಕೆ ಎರಡು ತುಂಡು ಹೆಚ್ಚಿಗೆ ಕಟ್ಟಿದಳು. ಹಿಂದೆ ನಿಂತಿದ್ದ ಚಿಗುಸಾಳಿಗೆ ಅತ್ತೆಯ ಒಂದು ಕಿವಿ ಮಾತ್ರ ಕಾಣುತ್ತಿತ್ತು. ಆ ಕಿವಿ ಕೆಂಪಗಾಗಿತ್ತು. ಚಳಿಗಿರಬಹುದು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮಾಮೆ ಅಜ್ಜಿಗೆ ತಾನು ಕಿವಿಯನ್ನೇ ಬರೆದಿಲ್ಲ, ಕೂದಲಿಂದ ಮುಚ್ಚಿಬಿಟ್ಟಿದ್ದೇನೆ ಎಂಬುದೂ ಆಗಲೇ ನೆನಪಾಯಿತು.

ವಾಪಸ್ಸು ಬರುವಾಗ ಕಾಲುವೆಯ ಸೇತುವೆ ಇಳಿಯುವಲ್ಲಿ ಒಂದೇ ಒಂದು ಮೆಟ್ಟಿಲಿದೆ. ದಿನಾ ಇಳಿಯುವ ಮೆಟ್ಟಿಲು. ಗಾಡಿಯ ಚಕ್ರ ಅದರ ಅಂಚಿಗೆ ತಗುಲಿ ಓರೆಯಾಯಿತು. ತೊಷಿನೊ ಗಾಡಿಯನ್ನು ಸರಿಪಡಿಸಲು ಹೋಗಿ ಅರ್ಧ ತಿರುಗಿದರು, ಒಂದು ಕಾಲು ಗಾಳಿಯಲ್ಲಿ ಉಳಿಯಿತು, ಕೈಯೊಂದು ಹಿಡಿಯಲು ಏನನ್ನೋ ಹುಡುಕುತ್ತ ಚಿಗುಸಾಳ ಕಡೆ ಬಂತು. ಚಿಗುಸಾ ಅದನ್ನು ನೋಡಿದಳು. ಬೆರಳುಗಳು ಹರಡಿದ ಬಗೆ, ಕೊರಳಪಟ್ಟಿ ಗಾಳಿಗೆ ಉಬ್ಬಿದ ಬಗೆ, ಮೀನಿನ ಚೀಲ ಗಾಡಿಯಿಂದ ಮೇಲೆದ್ದು ಇನ್ನೂ ಬೀಳದೆ ನಿಂತ ಬಗೆ, ಎಲ್ಲವೂ ಅಚ್ಚಾದ ಪುಟದ ಹಾಗೆ ಸ್ಪಷ್ಟವಾಗಿ, ಸದ್ದಿಲ್ಲದೆ ಅವಳ ಮುಂದೆ ನಿಂತಿತು. ಎಡಗಡೆ ಖಾಲಿ ಜಾಗ ಬಿಟ್ಟರೆ ಚೆನ್ನ ಎಂದುಕೊಳ್ಳುವಷ್ಟು ಹೊತ್ತು ನಿಂತಿತು. ಆಮೇಲೆ ಅವಳ ಕೈ ಮುಂದೆ ಹೋಯಿತು. ಅಷ್ಟರಲ್ಲಿ ತೊಷಿನೊ ಕಲ್ಲಿನ ಮೇಲೆ ಪಕ್ಕಕ್ಕೆ ಬಿದ್ದಾಗಿತ್ತು. ಸೈಕಲ್ಲಿನಲ್ಲಿ ಬರುತ್ತಿದ್ದ ಗಂಡಸೊಬ್ಬ ಸೈಕಲ್ಲನ್ನು ಹಾಗೇ ಕೆಡವಿ ಓಡಿಬಂದು ಕಂಕುಳಿಗೆ ಕೈಕೊಟ್ಟು ಎತ್ತಿದ. "ಏನೂ ಆಗಿಲ್ಲ, ಏನೂ ಆಗಿಲ್ಲ, ನಿಮಗೆ ತೊಂದರೆ ಕೊಟ್ಟೆ" ಎಂದು ತೊಷಿನೊ ಅವನಿಗೆ ಮತ್ತೆ ಮತ್ತೆ ಬಾಗಿದರು. ಮಣಿಕಟ್ಟಿನ ಹತ್ತಿರ ಚರ್ಮ ತರಚಿ ರಕ್ತ ಜಿನುಗುತ್ತಿತ್ತು. "ನೀವು ಜೊತೇಲಿದ್ದೀರಲ್ಲ, ಸರಿ ಹಾಗಾದ್ರೆ" ಎಂದು ಅವನು ಚಿಗುಸಾಳಿಗೆ ಹೇಳಿ ಹೊರಟ. ನೀವು ಜೊತೆಯಲ್ಲಿದ್ದೀರಲ್ಲ. ಆ ಮಾತು ಮನೆಯವರೆಗೂ ಅವಳ ಹಿಂದೆಯೇ ಬಂತು.

ಮನೆಯಲ್ಲಿ ಅವಳು ಬಿಸಿನೀರಿಗೆ ಬಟ್ಟೆ ಅದ್ದಿ ಗಾಯ ಒರೆಸತೊಡಗಿದಳು. ಮಸಾನೊರಿಯೂ ಮೆಟ್ಟಿಲಲ್ಲೇ ಬಿದ್ದವನು. ಅಲ್ಲಿ ಯಾರು ಜೊತೆಯಲ್ಲಿದ್ದರೋ, ಅವರು ಏನು ನೋಡಿದರೋ. ಅವನನ್ನು ಮಲಗಿಸಿದ ಕೋಣೆಗೆ ಹೋದಾಗ ಅವನ ಗಲ್ಲದ ಗೆರೆ ಎಷ್ಟು ಸರಳವಾಗಿದೆ ಎಂದು ಒಂದು ಕ್ಷಣ ಅನಿಸಿತ್ತಲ್ಲ, ಅದನ್ನು ಅವಳು ಈವರೆಗೆ ದುಃಖದ ಖಾತೆಗೆ ಹಾಕಿಕೊಂಡಿದ್ದಳು. ಈಗ ಅದೂ ನಾಚಿಕೆಯ ಕಡೆ ಸರಿಯಿತು.

"ಅಮ್ಮ, ನಾನು ಹಿಡೀಲಿಲ್ಲ."

"ಗೊತ್ತು."

"ಹಿಡೀಬಹುದಾಗಿತ್ತು. ಕೈಗೆ ಸಿಗೋ ಹಾಗಿದ್ರಿ. ನಾನು ಸುಮ್ನೆ…"

"ಗೊತ್ತು ಕಣೆ. ನಿನ್ನ ಮುಖ ನೋಡ್ತಾನೇ ಬಿದ್ದವಳು ನಾನು." ತೊಷಿನೊ ಗಾಯದ ಕೈಯನ್ನು ಅವಳಿಗೆ ಬಿಟ್ಟುಕೊಟ್ಟು ಇನ್ನೊಂದು ಕೈಯಿಂದ ಚಹಾದ ಬಟ್ಟಲು ಹತ್ತಿರ ಎಳೆದುಕೊಂಡರು. "ಆ ಮುಖ ನನಗೆ ಹೊಸದಾ? ಕಣ್ಣು ಹೀಗೆ ಸಣ್ಣ ಮಾಡ್ತೀಯ, ಕೆಳತುಟಿ ಒಳಗೆ ಹೋಗತ್ತೆ. ಹಲ್ಲು ಡಬ್ಬೀಲಿ ಸಿಕ್ತಲ್ಲ, ಆವತ್ತೂ ಇದೇ ಮುಖ. ಈಗೀಗ ಕೈಯಿಂದ ಏನಾದ್ರೂ ಬಿದ್ರೆ, ಅದು ಒಡೀತಾ ಅಂತ ನೋಡಲ್ಲ ನಾನು, ಮೊದ್ಲು ನಿನ್ನ ಮುಖ ನೋಡ್ತೀನಿ."

ಚಿಗುಸಾ ಬಟ್ಟೆ ಹಿಂಡಿದಳು. ಹಿಂಡಿದ್ದನ್ನೇ ಇನ್ನೊಮ್ಮೆ ಹಿಂಡಿದಳು. "ಓದಿದೀರಾ ಹಾಗಾದ್ರೆ?"

"ಹಗಲುಮನೇಲಿ ನಾಲ್ಕ್ ಜನ ಮುದುಕೀರು ಸೇರಿ ನಂಗೆ ಓದಿ ಹೇಳ್ತಾರೆ. ನನಗಿಂತ ಮುಂಚೆ ಅವರಿಗೇ ನನ್ನ ಸುದ್ದಿ ಗೊತ್ತಿರತ್ತೆ. 'ತೊಷಿನೊ, ಹೋದ ತಿಂಗ್ಳು ಚಪ್ಪಲಿ ಬದ್ಲು ಬಟ್ಟಲು ಹಾಕ್ಕೊಳಕ್ ಹೋದ್ಯಂತೆ' ಅಂತಾರೆ. ಇಲ್ಲ ಕಣ್ರೇ, ಅದು ಅವಳು ಸೇರ್ಸಿದ್ದು ಅಂದ್ರೆ ಯಾರು ನಂಬ್ತಾರೆ?"

"ಅದು… ಹೌದು, ಅದು ನಾನೇ ಸೇರಿಸಿದ್ದು."

"ಸೇರಿಸ್ಲಿ ಬಿಡು. ಚೆನ್ನಾಗಿತ್ತು." ತೊಷಿನೊ ಚಹಾ ಹೀರಿದರು. "ಕನ್ನಡೀದು ಮಾತ್ರ ನೀನು ತಪ್ಪು ಬರ್ದೆ."

"ಯಾಕೆ?"

"ನಾನೇನು ಅಷ್ಟು ಹೆಡ್ಡೀನಾ? ಮೊದಲನೇ ಸಲ ಬಾಗಿದ್ದು ನಿಜ. ತಲೆ ಎತ್ತೋ ಅಷ್ಟರಲ್ಲಿ ಅದು ನಾನೇ ಅಂತ ಗೊತ್ತಾಯ್ತು. ಪಕ್ಕದಲ್ಲಿ ನೋಡ್ತೀನಿ, ನೀನು ಬಾಯಿಗೆ ಬಟ್ಟೆ ಇಟ್ಕೊಂಡು ನಗ್ತಿದ್ದೀಯ. ಮಸಾನೊರಿ ಹೋದ್ಮೇಲೆ ನೀನು ಊಟ ಸರಿಯಾಗಿ ಮಾಡಿದ್ದಿಲ್ಲ, ಅತ್ತಿದ್ದೂ ಇಲ್ಲ. ಹೊರೆ ಹೊತ್ತೋಳ ಹಾಗೆ ತಿರುಗ್ತಿದ್ದೆ. ನಗ್ತಿದ್ದಾಳಲ್ಲ ಅಂತ ಇನ್ನೊಂದು ಸಲ ಬಾಗಿದೆ. ನೀನು ಮತ್ತೂ ನಕ್ಕೆ. ಮತ್ತೊಂದು ಸಲ ಬಾಗಿದೆ. ಸೊಂಟ ನೋವು ಮೂರು ದಿನ ಇತ್ತು, ಗೊತ್ತಾ?"

ಗಾಳಿಗೆ ಜಗಲಿಯ ಗಾಜಿನ ಬಾಗಿಲು ಗದಗದ ಅಲುಗುತ್ತಿತ್ತು. ಚಿಗುಸಾಳಿಗೆ ಬಟ್ಟಲುಗಳ ಸಾಲಿನ ನಡುವೆ ತಾನು ಕುಕ್ಕರಿಸಿದ್ದು ಕಂಡಿತು, ಈ ಸಲ ಮೇಲಿನಿಂದ, ಅತ್ತೆಯ ಕಣ್ಣಿಗೆ ಕಂಡ ಹಾಗೆ: ಕೂದಲು ಬಾಚದ ಒಬ್ಬ ಹೆಂಗಸು, ಹೆಗಲು ಅಲುಗುತ್ತಿದೆ, ನಗುತ್ತಿದ್ದಾಳೋ ಅಳುತ್ತಿದ್ದಾಳೋ ಹೇಳಲಾಗುವುದಿಲ್ಲ. ಇಷ್ಟು ವರ್ಷ ತಾನೇ ನೋಡುವವಳು ಎಂದುಕೊಂಡಿದ್ದಳು. ಔಷಧಿಯ ಟ್ಯೂಬಿನ ಮುಚ್ಚಳ ತೆಗೆಯಲು ಬರಲಿಲ್ಲ. ತೊಷಿನೊ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಹಲ್ಲಿನಲ್ಲಿ ಕಚ್ಚಿ ತಿರುಗಿಸಿ ಕೊಟ್ಟರು.

"ಆಮೇಲೆ ಅದೇ ಒಂದು ಕೆಲಸ ಆಗೋಯ್ತು ನೋಡು," ಎಂದರು. "ಇವತ್ತು ಆ ಮೀನಿಗೆ ಬಾಗಿದ್ನಲ್ಲ, ಯಾಕ್ ಬೇಕಿತ್ತು ಹೇಳು? ಬಾಗ್ದೆ ಇದ್ರೆ ಜನ ಬೇಜಾರ್ ಮಾಡ್ಕೋತಾರೆ ಅಂತ. ನನಗೂ ನಾನೇ ಮುದಿಯಾಗ್ಬೇಕು, ನಿನ್ನ ಮಾಮೆಗೂ ನಾನೇ ಮುದಿಯಾಗ್ಬೇಕು. ಒಂದು ಮೈಯಲ್ಲಿ ಇಬ್ಬರ ಮುಪ್ಪು ನನ್ನ ಕೈಲಾಗಲ್ಲ ಚಿಗುಸಾ."

ಆಗ ಚಿಗುಸಾ ಹೇಳಿಬಿಟ್ಟಳು. ಮಿನೆಗಿಶಿಯ ಫೋನು, ಪತ್ರಿಕೆ ನಿಲ್ಲುವುದು, ಚೆರಿ ಹೂವು, ನಿದ್ದೆಯಲ್ಲಿ ಹೋಗುವುದು. ಬೆಳಗ್ಗೆ ಕಾಕಿ ಸುಲಿಯುವಾಗ ತಾನು ಆ ಕೈಗಳನ್ನು ಎದೆಯ ಮೇಲೆ ಇಟ್ಟು ನೋಡಿದ್ದನ್ನೂ ಹೇಳಿದಳು. ಹೇಳುತ್ತ ತಲೆ ತಗ್ಗಿಸಿ ಚಾಪೆಯ ಹೆಣಿಗೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಹೇಳಿ ಮುಗಿಸಿ ತಲೆಯೆತ್ತಿದರೆ ತೊಷಿನೊ ತಮ್ಮ ಎರಡು ಕೈಗಳನ್ನು ಎದೆಯ ಮೇಲೆ ಇಟ್ಟುಕೊಂಡು, ಕೆಳಗೆ ನೋಡಿ, ಕೈ ಅದಲು ಬದಲು ಮಾಡಿ ಪರೀಕ್ಷಿಸುತ್ತಿದ್ದರು.

"ಬಲಗೈನೇ ಮೇಲಿರ್ಲಿ," ಎಂದರು. "ಎಡಗೈಲಿ ಕಪ್ಪು ಮಚ್ಚೆ ಜಾಸ್ತಿ."

"ಅಮ್ಮ!"

"ಏನಮ್ಮ? ಸಾಯ್ಸು ಅವಳನ್ನ. ಅವಳು ಹೋದ್ರೆ ನಾನು ಸ್ವಲ್ಪ ಆರಾಮಾಗಿ ಇರ್ತೀನಿ. ಆದ್ರೆ ಚೆರಿ ಹೂ ಬೇಡ. ನಂಗೆ ಮೊದ್ಲಿಂದ್ಲೂ ಆಗಿಬರಲ್ಲ. ಹೂ ಉದುರಿದ ಮೇಲೆ ಆ ಮರದ ತುಂಬಾ ಕಂಬಳಿಹುಳ. ಟೋಕಿಯೋ ಹುಡುಗಿಗೆ ಅದೇನು ಗೊತ್ತು? ನಿದ್ದೇಲೂ ಬೇಡ. ನಿದ್ದೇಲಿ ಹೋದ್ರೆ ಹೋಗಿದ್ದು ಗೊತ್ತಾಗೋದು ಹ್ಯಾಗೆ?"

"ಮತ್ತೆ ಹ್ಯಾಗೆ?"

ತೊಷಿನೊ ಯೋಚಿಸಿದರು. ಇಷ್ಟು ಗಂಭೀರವಾಗಿ ಅವರು ಯೋಚಿಸಿದ್ದನ್ನು ಚಿಗುಸಾ, ಮಸಾನೊರಿಯ ಸಮಾಧಿಗೆ ಕಲ್ಲು ಆರಿಸುವಾಗ ಮಾತ್ರ ನೋಡಿದ್ದಳು. "ಊಟಕ್ಕೆ ಕೂತಿರ್ಬೇಕು. ಹೊಸ ಅಕ್ಕಿ ಅನ್ನ, ಬದನೆಕಾಯಿ ಉಪ್ಪಿನಕಾಯಿ. ಮಿಸೊ ಸಾರು ಬಾಯಿಗಿಟ್ಟು, 'ಈ ಸಾರಿಗೆ ಉಪ್ಪೇ ಇಲ್ವಲ್ಲೇ' ಅಂತ ಸೊಸೇನ ಬೈತಾ ಇರ್ಬೇಕು. ಸೊಸೆ ಡಾಕ್ಟರ್ ಹೇಳಿದಾರೆ ಅಂತ ಅಡುಗೆಮನೆಯಿಂದ ಕೂಗಾಡ್ತಾ ಬರ್ಬೇಕು. ಬಂದು ನೋಡಿದ್ರೆ ಬಟ್ಟಲು ಖಾಲಿ ಆಗಿರ್ಬೇಕು, ಅವಳು ಹೋಗಿರ್ಬೇಕು. ಬೈದ್ಲು, ಆದ್ರೂ ಪೂರ್ತಿ ಕುಡಿದ್ಲು. ತಿಳೀತಾ? ಪೂರ್ತಿ ಕುಡಿದಿದ್ದನ್ನ ಬಿಡಬೇಡ."

ಚಿಗುಸಾಳಿಗೆ ನಗು ಬಂತು, ಅದರ ಹಿಂದೆಯೇ ಇನ್ನೊಂದೂ ಬಂತು. ತೊಷಿನೊ ಔಷಧಿ ಹಚ್ಚಿದ ಕೈಯನ್ನು ಅವಳ ತಲೆಯ ಮೇಲೆ ಇಡಲು ಹೋಗಿ, ಕೂದಲಿಗೆ ಅಂಟೀತೆಂದು ಹಿಂದೆಗೆದು, ಮೊಣಕೈಯಿಂದ ಅವಳ ಹೆಗಲನ್ನು ಒಮ್ಮೆ ತಿವಿದರು. ಆ ಸಂಜೆ ಅವರಿಬ್ಬರೂ ಹೆಚ್ಚಿಗೆ ಸಿಕ್ಕಿದ್ದ ಮೀನಿನ ತುಂಡುಗಳನ್ನೂ ಸೇರಿಸಿ ಬೇಯಿಸಿ ತಿಂದರು. ಸಾರಿಗೆ ಚಿಗುಸಾ ಮಿಸೊವನ್ನು, ಕಾಳಿನ ಆ ಉಪ್ಪುಗೊಜ್ಜನ್ನು, ಒಂದು ಚಮಚ ಹೆಚ್ಚಿಗೆ ಹಾಕಿದಳು.

ಕೊನೆಯ ಕಂತನ್ನು ಬರೆಯುವ ವಾರಗಳಲ್ಲಿ ಅವಳಿಗೆ ತಾನು ಅಂದುಕೊಂಡಿದ್ದ ಕಷ್ಟ ಆಗಲಿಲ್ಲ, ಬೇರೆಯೇ ಒಂದು ಕಷ್ಟವಾಯಿತು. ಇಷ್ಟು ದಿನ ಕದ್ದು ನೋಡಿ ಬರೆದದ್ದನ್ನು ಈಗ ಎದುರಿಗೆ ಕೂತು ಕೇಳಿ ಬರೆಯಬೇಕಾಗಿತ್ತು. ತೊಷಿನೊ ಬಂದು ಬಂದು ಮೇಜಿನ ಪಕ್ಕ ನಿಲ್ಲುತ್ತಿದ್ದರು. "ಬಟ್ಟಲು ಹಾಗೆ ಹಿಡೀತಾರಾ ಯಾರಾದ್ರೂ?" ಎಂದು ತಾವೇ ಹಿಡಿದು ತೋರಿಸುತ್ತಿದ್ದರು. ಕೊನೆಯ ಪುಟದಲ್ಲಿ ಚಿಗುಸಾ ಮೊದಲ ಸಲ ಮಾಮೆ ಅಜ್ಜಿಯ ಕೂದಲನ್ನು ಹಿಂದಕ್ಕೆ ಬಾಚಿ, ಒಂದು ಕಿವಿ ಬರೆದಳು. ದೊಡ್ಡದಾದ, ಹಾಲೆ ಜೋತ, ಒಳಗೆ ಸುರುಳಿ ಸುರುಳಿಯಾದ ನಿಜವಾದ ಕಿವಿ. ಕಾಳಿನಂಥ ಆ ಗುಂಡು ಮುಖಕ್ಕೆ ಅದು ಹೊಂದಲೇ ಇಲ್ಲ. ಮಿನೆಗಿಶಿ ಫೋನಿನಲ್ಲಿ, "ಸೆನ್ಸೇ, ಈ ಕಿವಿ…" ಎಂದು ಅನುಮಾನಿಸಿದಳು. "ಇರಲಿ" ಎಂದಳು ಚಿಗುಸಾ. ಪ್ರೇಮದ ಕಥೆಗಳ ಕಾಲದಿಂದ ಈವರೆಗೆ ಸಂಪಾದಕರ ಮಾತಿಗೆ ಅವಳು ಹಾಗೆ ಒಂದೇ ಶಬ್ದದಲ್ಲಿ ಉತ್ತರ ಕೊಟ್ಟಿರಲಿಲ್ಲ.

ಸಂಚಿಕೆ ಬಂದಾಗ ಊರೆಲ್ಲ ಹಿಮ ಬಿದ್ದಿತ್ತು. ಆಮೇಲೆ ಪೆಟ್ಟಿಗೆಗಳು ಬರತೊಡಗಿದವು. ಓದುಗರು ಸತ್ತ ಮಾಮೆ ಅಜ್ಜಿಗೆಂದು ಪತ್ರಿಕೆಯ ಕಚೇರಿಗೆ ಕಳಿಸಿದ್ದನ್ನು ಮಿನೆಗಿಶಿ ಒಟ್ಟು ಮಾಡಿ ಮನೆಗೆ ಕಳಿಸುತ್ತಿದ್ದಳು. ಊದುಬತ್ತಿಯ ಕಟ್ಟುಗಳು, ಬಿಳಿ ಸೇವಂತಿಗೆ, ಕೆಂಪು ಕಾಳಿನ ಹೂರಣ ತುಂಬಿದ ಸಿಹಿ, ಅಕ್ಕಿಯ ಹಪ್ಪಳ, ಕ್ಯೂಶುವಿನಿಂದ ಯಾರೋ ಕಳಿಸಿದ ಕಿತ್ತಳೆ. ತೊಷಿನೊ ಪ್ರತಿಯೊಂದು ಪೆಟ್ಟಿಗೆಯ ದಾರವನ್ನೂ ಕತ್ತರಿಸದೆ ಬಿಚ್ಚಿ, ಸುತ್ತಿ ಇಟ್ಟುಕೊಂಡು, "ನನ್ನ ತಿಥಿ ಊಟ ನಾನೇ ಮಾಡ್ತಿದ್ದೀನಲ್ಲೇ. ಯಾರಿಗುಂಟು ಈ ಭಾಗ್ಯ!" ಎಂದು ಗುಟ್ಟಾಗಿ ತಿನ್ನುವವರ ಹಾಗೆ ಬೆನ್ನು ತಿರುಗಿಸಿ ತಿನ್ನುತ್ತಿದ್ದರು. ತಿನ್ನುವ ಮುಂಚೆ ಒಂದನ್ನು ಮಾತ್ರ ಹಿರಿಯರ ಗೂಡಿನ ಮುಂದೆ, ಗಂಡನ ಮತ್ತು ಮಗನ ಪಟಗಳ ಪಕ್ಕದ ಖಾಲಿ ಜಾಗದಲ್ಲಿ ಇಟ್ಟು ಕೈ ಜೋಡಿಸುತ್ತಿದ್ದರು. ಯಾರಿಗೆ ಎಂದು ಚಿಗುಸಾ ಕೇಳಲಿಲ್ಲ.

ಮೀನಂಗಡಿಯಲ್ಲಿ ಸೆಂದಾಯ್‌ನ ಸೊಸೆ ಇವರನ್ನು ಕಂಡೊಡನೆ ಚಾಕು ಕೆಳಗಿಟ್ಟಳು. ಏನು ಕೂಗಬೇಕೋ ತಿಳಿಯದೆ ಬಾಯಿ ತೆರೆದವಳು ಮುಚ್ಚಿದಳು. ಕಣ್ಣು ಕೆಂಪಗಾಗಿತ್ತು, ಓದಿದ್ದಳು. ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಹತ್ತಿರ ಬಂದು, ಅವಳ ಗಂಟಲಿಗೆ ಒಗ್ಗದ ಸಣ್ಣ ದನಿಯಲ್ಲಿ, "ಅದೂ… ಇಷ್ಟು ದಿನ ಮಾಮೆ ಅಜ್ಜಿ ಅಂತಲೇ ಕರೀತಿದ್ದೆ. ನಿಮ್ಮ ಹೆಸರು ಏನು ಅಂತ ನಾನು ಕೇಳಲೇ ಇಲ್ಲ" ಎಂದಳು.

"ತೊಷಿನೊ."

"ತೊಷಿನೊ ಅವರೇ, ಇವತ್ತು ಕಾಡ್ ಚೆನ್ನಾಗಿದೆ. ಮೊಟ್ಟೆ ತುಂಬಿದೆ."

"ಎಲ್ಲಿ ತೋರ್ಸು. ಹೋದ್ಸಲ ಹಾಗೇ ಹೇಳಿ ಹಳೇದು ಕಟ್ಟಿದ್ದೆ ನೀನು," ಎಂದರು ತೊಷಿನೊ, ಮೀನಿನ ಕಿವಿರು ಎತ್ತಿ ನೋಡುತ್ತ. ಅವರಲ್ಲಿ ಇಷ್ಟು ಚೌಕಾಸಿಯ ದನಿ ಇದೆಯೆಂದು ಚಿಗುಸಾಳಿಗೆ ಗೊತ್ತಿರಲಿಲ್ಲ. ವಾಪಸ್ಸು ಬರುವಾಗ ಅವಳು ಹಿಂದೆ ನಡೆಯಲಿಲ್ಲ. ಪಕ್ಕದಲ್ಲಿ, ಗಾಡಿಯ ಹಿಡಿಕೆಯ ಒಂದು ತುದಿ ತಾನೂ ಹಿಡಿದು ನಡೆದಳು. ಪಕ್ಕದಿಂದ ಬೆನ್ನು ಕಾಣುವುದಿಲ್ಲ. ಉಸಿರು ಮಾತ್ರ ಕೇಳಿಸುತ್ತದೆ.

ಆ ಮಧ್ಯಾಹ್ನ, ಅಡಿಯಲ್ಲಿ ಹೀಟರಿರುವ ಬಿಸಿಮೇಜಿಗೆ ಹೊದಿಸಿದ ರಜಾಯಿಯೊಳಗೆ ಕಾಲು ತೂರಿಸಿ ಇಬ್ಬರೂ ಎದುರುಬದುರು ಕೂತಿದ್ದರು. ಹೊರಗೆ ಹಿಮ ಸದ್ದಿಲ್ಲದೆ ಬೀಳುತ್ತಿತ್ತು. ಚಿಗುಸಾಳ ಮುಂದೆ ಕಾಗದವಿರಲಿಲ್ಲ. ಹೊಸದು ಏನು ಬರೆಯುತ್ತೀರಿ ಎಂದು ಮಿನೆಗಿಶಿ ಕೇಳಿದ್ದಳು, ಅವಳು ಇನ್ನೂ ಏನೂ ಹೇಳಿರಲಿಲ್ಲ. ತೊಷಿನೊ ಕಿತ್ತಳೆಯ ಸಿಪ್ಪೆಯನ್ನು ಒಂದೇ ಎಳೆಯಾಗಿ ಬಿಡಿಸುತ್ತ, ಯಾವಾಗಲೋ ನಿಂತ ಮಾತನ್ನು ಮುಂದುವರಿಸುವವರ ಹಾಗೆ ಶುರುಮಾಡಿದರು.

"ಮಸಾನೊರಿ ಇನ್ನೂ ಅಂಬೆಗಾಲಿಡ್ತಿದ್ದ. ಒಂದು ದಿನ ನಾನು ಮನೆ ಬಿಟ್ಟು ಹೋಗಿದ್ದೆ."

ಚಿಗುಸಾ ಕಿತ್ತಳೆಯ ತೊಳೆಯನ್ನು ಬಾಯಿಗೆ ಹಾಕಿಕೊಳ್ಳದೆ ಹಿಡಿದುಕೊಂಡಳು.

"ಯಾರಿಗೂ ಹೇಳಿಲ್ಲ ಇದನ್ನ. ಅವನಿಗೂ ಹೇಳಿಲ್ಲ. ನಿನಗೆ ಹೇಳೋಣ ಅಂತ ಎಷ್ಟೋ ಸಲ ಬಾಯಿಗೆ ಬಂತು. ಆದ್ರೆ ನಿಂಗೆ ಹೇಳಿದ್ರೆ ಮುಂದಿನ ತಿಂಗ್ಳು ಹಗಲುಮನೇಲಿ ನಾನೇ ಅದನ್ನ ಕೇಳ್ಬೇಕಾಗತ್ತಲ್ಲ ಅಂತ ನುಂಗ್ಕೊಂಡೆ. ಇನ್ನು ಅವಳು ಸತ್ತಳಲ್ಲ, ಹೇಳಬಹುದು." ತೊಷಿನೊ ಸಿಪ್ಪೆಯನ್ನು ಮೇಜಿನ ಮೇಲೆ ಮತ್ತೆ ಹಣ್ಣಿನ ಆಕಾರಕ್ಕೆ ಕೂಡಿಸಿ ಇಟ್ಟರು. "ಮಗೂನ ಮಲಗಿಸಿ, ಬಟ್ಟೆ ಒಣಹಾಕೋಕೆ ಅಂತ ಹೊರಗೆ ಬಂದೆ. ಬಕೆಟ್ಟು ಬಾವಿಕಟ್ಟೆ ಮೇಲಿಟ್ಟು ಹಾಗೇ ಸ್ಟೇಷನ್ನಿಗೆ ನಡೆದೆ. ಅಡುಗೆ ಬಟ್ಟೇಲೇ. ರೈಲು ಸಮುದ್ರದ ಪಕ್ಕದಲ್ಲೇ ಹೋಗತ್ತಲ್ಲ, ಕಿಟಕಿ ಪಕ್ಕ ಜಾಗ ಸಿಕ್ತು. ಎಂಥ ಖುಷಿ ಅಂತೀಯ! ಒಂದು ಸಲಾನೂ ಹಿಂದೆ ತಿರುಗಿ ನೋಡ್ಬೇಕು ಅನ್ನಿಸ್ಲಿಲ್ಲ. ಎದುರಿಗೆ ಒಬ್ಬ ಹೆಂಗಸು ಕೂತಿದ್ಲು, ಹೂವಿನ ವ್ಯಾಪಾರದೋಳು. ನನ್ನನ್ನೇ ನೋಡ್ತಿದ್ದೋಳು ಮುಂದೆ ಬಗ್ಗಿ, 'ತಾಯಿ, ನಿನ್ನ ರವಿಕೆ ಒದ್ದೆ ಆಗಿದೆ' ಅಂದ್ಲು. ನೋಡ್ಕೊಂಡ್ರೆ ಎದೆ ತುಂಬಾ ಹಾಲು. ಮನಸ್ಸಿಗೆ ಮಗು ನೆನಪೇ ಇರಲಿಲ್ಲ ಕಣೆ, ಅಷ್ಟು ದೂರ ಹೋಗಿತ್ತು ಮನಸ್ಸು. ಮೈಗೆ ಹೊತ್ತು ಗೊತ್ತಾಗಿಬಿಟ್ಟಿತ್ತು."

"ಇಳಿದುಬಿಟ್ರಾ?"

"ಮುಂದಿನ ಸ್ಟೇಷನ್ನಲ್ಲಿ ಇಳಿದು, ವಾಪಸ್ ಬರೋ ರೈಲು ಹತ್ತಿ, ದಾರಿ ಪೂರ್ತಿ ಅತ್ತೆ. ಹೋಗೋಕೆ ಆಗ್ಲಿಲ್ವಲ್ಲ ಅಂತ ಅತ್ತೆ, ಮಗು ಹಸಿದಿರತ್ತಲ್ಲ ಅಂತಾನೂ ಅತ್ತೆ. ಯಾವುದಕ್ಕೆ ಎಷ್ಟು ಅಂತ ಇವತ್ತಿಗೂ ಹೇಳೋಕಾಗಲ್ಲ. ಮನೇಲಿ ನನ್ನ ಅತ್ತೆ ಮಗೂನ ಎತ್ಕೊಂಡು ಬಾಗಿಲಲ್ಲೇ ನಿಂತಿದ್ರು. ಬಟ್ಟೆ ಅವರೇ ಒಣಹಾಕಿದ್ರು. ಎಲ್ಲಿಗೆ ಹೋಗಿದ್ದೆ ಅಂತ ಒಂದು ಮಾತು ಕೇಳ್ಲಿಲ್ಲ. ಮಗೂನ ನನ್ನ ಕೈಗೆ ಕೊಟ್ಟು, 'ಸ್ನಾನಕ್ಕೆ ನೀರು ಬಿಸಿ ಇದೆ' ಅಂದ್ರು. ಅಷ್ಟೇ. ಸಾಯೋವರೆಗೂ ಕೇಳ್ಲಿಲ್ಲ ಆ ಪುಣ್ಯಾತ್ಗಿತ್ತಿ."

ಚಿಗುಸಾಳ ಕಣ್ಣಿನ ಮುಂದೆ ಯಾವ ಚೌಕವೂ ಬರಲಿಲ್ಲ. ಅಡುಗೆಬಟ್ಟೆಯ ಹೆಂಗಸು ಕಿಟಕಿಯಲ್ಲಿ ಹೇಗೆ ಕಂಡಿರಬಹುದು, ಸಮುದ್ರ ಯಾವ ಕಡೆಗಿರಬೇಕು ಎಂದು ಅವಳ ಕೈ ಕೇಳಲಿಲ್ಲ. ಅತ್ತೆ ಆ ರೈಲಿನಿಂದ ಇಳಿಯದೆ ಹೋಗಿದ್ದರೆ ಮಸಾನೊರಿ ಯಾರ ಕೈಯಲ್ಲಿ ಬೆಳೆಯುತ್ತಿದ್ದ, ತಾನು ಈ ಮೇಜಿನ ಮುಂದೆ ಯಾಕೆ ಕೂತಿರುತ್ತಿದ್ದೆ ಎಂಬುದೂ ಆಮೇಲೆ ಹೊಳೆದದ್ದು. ಆಗ ಅವಳಿಗೆ ಇದ್ದದ್ದು ಒಂದೇ, ಕಥೆ ಪೂರ್ತಿ ಕೇಳಬೇಕೆಂದು ಮಕ್ಕಳಿಗೆ ಇರುವಂಥ ಆಸೆ.

"ಅಮ್ಮ, ಎಲ್ಲಿಗೆ ಅಂತ ಹೊರಟಿದ್ರಿ ನೀವು? ಯಾರ ಹತ್ರ?"

ತೊಷಿನೊ ಮುಖದಲ್ಲಿ ಚಿಗುಸಾ ಎಂದೂ ಬರೆಯದ ಒಂದು ನಗು ಬಂತು. ಎಂಬತ್ತು ದಾಟಿದ ಆ ಮುಖದಲ್ಲಿ ಅದು ಇಪ್ಪತ್ತರದ್ದು. ಮನೆಯಲ್ಲಿ ಮೂರನೆಯವರಿಲ್ಲದಿದ್ದರೂ ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಹೇಳ್ತೀನಿ. ದೊಡ್ಡ ಕಥೆ ಅದು. ಮೊದ್ಲು ಹೋಗಿ ಬಿಸಿಯಾಗಿ ಚಹಾ ಮಾಡ್ಕೊಂಡು ಬಾ."

ಚಿಗುಸಾ ರಜಾಯಿ ಒದ್ದು ಅವಸರದಲ್ಲಿ ಎದ್ದಳು. ಎರಡೂ ಮಂಡಿ ಒಟ್ಟಿಗೆ ಚಟಕ್ಕೆಂದವು. ಗೋಡೆ ಹಿಡಿದು ನಿಂತು "ಅಯ್ಯೋ" ಎಂದಳು. ಹಿಂದಿನಿಂದ ತೊಷಿನೊ ಬಾಯಿಗೆ ಕೈ ಅಡ್ಡ ಹಿಡಿಯದೆ, ಹಲ್ಲಿನ ಸೆಟ್ಟು ಪೂರ್ತಿ ಕಾಣುವ ಹಾಗೆ ನಕ್ಕರು.

"ನಿಧಾನ ಕಣೇ ಮುದುಕಿ. ಈ ಸಲ ನಾನೆಲ್ಲೂ ಓಡಿ ಹೋಗಲ್ಲ."